ಹೆರಿಗೆಯ ನಂತರದ ಡಿಪ್ರೆಶನ್‌ಗೆ ಮಾತಿನ ಚಿಕಿತ್ಸೆ: ಶುರು ಮಾಡುವುದು ಹೇಗೆ, ಅದರಿಂದ ಪೂರ್ತಿ ಉಪಯೋಗ ಪಡೆಯುವುದು ಹೇಗೆ

ಹೆರಿಗೆಯಾದ ಮೇಲೆ ಬರುವ ಡಿಪ್ರೆಶನ್‌ಗೆ ಮಾತಿನ ಚಿಕಿತ್ಸೆ, ಅಂದರೆ ತರಬೇತಿ ಇರುವ ಥೆರಪಿಸ್ಟ್ ಜೊತೆ ಕೂತು ಮಾತಾಡುತ್ತಾ ಪಡೆಯುವ ಚಿಕಿತ್ಸೆ, ಕೆಲಸ ಮಾಡುತ್ತದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುತ್ತಿರುವ ಎಷ್ಟೋ ಜನ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿರುತ್ತೀರಿ, ಪೂರ್ತಿ ಓದುವಷ್ಟು ಹೊತ್ತು ಮಗು ಬಿಡುತ್ತದೋ ಇಲ್ಲವೋ. ಮನಸ್ಸು ಒಂದು ದಿನದ ಮಟ್ಟಿಗೆ ಹಗುರಾಗುವ ಮಾತು ಇದಲ್ಲ. ಕಾಯಿಲೆಯೇ ಇಳಿಯುತ್ತದೆ. ನಿದ್ದೆ ಬರುತ್ತದೆ, ಹಸಿವಾಗುತ್ತದೆ, ಮಗು ನಕ್ಕರೆ ನಿಮಗೂ ನಗು ಬರುತ್ತದೆ.

ಆದರೆ ಥೆರಪಿಸ್ಟ್ ಎದುರು ಕೂತು "ಸ್ವಲ್ಪ ಸುಸ್ತು, ಅಷ್ಟೇ" ಅಂತ ಹೇಳಿ ಎದ್ದು ಬಂದರೆ ಏನೂ ಆಗುವುದಿಲ್ಲ. ಒಳಗೆ ಇರುವುದು ಹೊರಗೆ ಬರಬೇಕು, ಅದರ ಮೇಲೆ ಒಂದು ಯೋಜನೆ ಇಟ್ಟುಕೊಂಡು ಕೆಲಸ ಮಾಡಬೇಕು, ಆ ಕೆಲಸಕ್ಕೆ ಮನೆಯವರು ಸಮಯ ಬಿಡಿಸಿಕೊಡಬೇಕು. ಇಷ್ಟೂ ಹೇಗೆ ಮಾಡುವುದು ಅಂತ ಮುಂದೆ ಬರೆದಿದ್ದೇನೆ.

ಮೊದಲು, ಇದು ಡಿಪ್ರೆಶನ್ ಹೌದಾ?

ಹೆರಿಗೆಯಾದ ಎರಡು ಮೂರನೇ ದಿನದಿಂದ ಬಹಳಷ್ಟು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಗಳಿಗೆಗೊಂದು ಮೂಡ್ ಇರುತ್ತದೆ. ಇದಕ್ಕೆ ಬೇಬಿ ಬ್ಲೂಸ್ ಅನ್ನುತ್ತಾರೆ. ಇದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ, ಚಿಕಿತ್ಸೆ ಬೇಡ, ವಿಶ್ರಾಂತಿ ಮತ್ತು ಒಂದಿಷ್ಟು ಆಸರೆ ಸಾಕು. ಎರಡು ವಾರ ದಾಟಿದರೂ ಹೋಗಲಿಲ್ಲ, ಅಥವಾ ದಿನದಿಂದ ದಿನಕ್ಕೆ ಜಾಸ್ತಿಯೇ ಆಗುತ್ತಿದೆ ಅಂದರೆ ಅದು ಬೇರೆ ವಿಷಯ. ಡಿಪ್ರೆಶನ್ ಹೆರಿಗೆಯಾದ ಕೂಡಲೇ ಬರಬೇಕು ಅಂತಲೂ ಇಲ್ಲ. ಮಗುವಿಗೆ ಆರು ತಿಂಗಳಾದಾಗಲೂ ಶುರುವಾಗಬಹುದು, ಎಷ್ಟೋ ಜನರಿಗೆ ಬಸಿರಿನಲ್ಲೇ ಶುರುವಾಗಿರುತ್ತದೆ.

ಅಳುತ್ತಾ ಕೂರುವುದು ಮಾತ್ರ ಡಿಪ್ರೆಶನ್ ಅಂದುಕೊಂಡವರು ಇದನ್ನು ಗುರುತಿಸದೆ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ಕೆಲವರಿಗೆ ಅಳುವೇ ಬರುವುದಿಲ್ಲ. ಸಿಟ್ಟು ಬರುತ್ತದೆ, ಎಲ್ಲರ ಮೇಲೂ. ಅಥವಾ ಮಗು ಉಸಿರಾಡುತ್ತಿದೆಯಾ ಅಂತ ರಾತ್ರಿಯಿಡೀ ನೋಡುವ ಆತಂಕ. ಅಥವಾ ಏನೂ ಅನ್ನಿಸುವುದೇ ಇಲ್ಲ, ಮಗುವನ್ನು ಎತ್ತಿಕೊಳ್ಳುವುದು, ಹಾಲು ಕುಡಿಸುವುದು ಎಲ್ಲ ನಡೆಯುತ್ತದೆ, ಆದರೆ ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನುವ ಭಾವನೆ. ಮಗು ಮಲಗಿ, ಮನೆ ನಿಶ್ಶಬ್ದವಾಗಿದ್ದರೂ ನಿದ್ದೆ ಬಾರದಿರುವುದು ದೊಡ್ಡ ಸೂಚನೆ.

ಪರೀಕ್ಷಿಸಿಕೊಳ್ಳಲು ಎಡಿನ್‌ಬರೋ ಪ್ರಶ್ನಾವಳಿ ಇದೆ. ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಅವರ ಜೊತೆಗಾರರು ರೂಪಿಸಿ 1987ರಲ್ಲಿ ಪ್ರಕಟಿಸಿದ್ದು, ಈಗ ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಬಳಕೆಯಲ್ಲಿದೆ. ಒಟ್ಟು 10 ಪ್ರಶ್ನೆ, ಕಳೆದ 7 ದಿನ ಹೇಗಿದ್ದಿರಿ ಅಂತ ಕೇಳುತ್ತದೆ, ಒಟ್ಟು ಅಂಕ 30. 10 ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರ್ ಹತ್ತಿರ ಮಾತಾಡಿ. 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡ ಮಾಡಬೇಡಿ. ಹತ್ತನೇ ಪ್ರಶ್ನೆ ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ "ಇಲ್ಲವೇ ಇಲ್ಲ" ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಯಾರಿಗಾದರೂ ಹೇಳಬೇಕು. ಇನ್ನೊಂದು ವಿಷಯ, ಈ ಅಂಕದಿಂದಲೇ ಕಾಯಿಲೆ ಇದೆ ಅಂತ ತೀರ್ಮಾನ ಆಗುವುದಿಲ್ಲ, ಅದನ್ನು ನೋಡಿ ಹೇಳಬೇಕಾದವರು ಡಾಕ್ಟರ್. ಹೋದಾಗ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ. ಹೆರಿಗೆಯಾದ ಮೇಲೆ ಎರಡೂ ಏರುಪೇರಾಗಬಹುದು, ಎರಡೂ ಡಿಪ್ರೆಶನ್ ಥರವೇ ಕಾಣುತ್ತವೆ.

ಇಂಥ ಸಂದರ್ಭದಲ್ಲಿ ಥೆರಪಿಗೆ ಕಾಯಬೇಡಿ

ಇಲ್ಲದ ಧ್ವನಿ ಕೇಳಿಸುತ್ತಿದೆ, ಮಗುವಿನಲ್ಲಿ ಏನೋ ಕೆಟ್ಟದ್ದು ಸೇರಿದೆ ಅಂತ ಖಚಿತವಾಗಿ ಅನ್ನಿಸುತ್ತಿದೆ, ದಿನಗಟ್ಟಲೆ ನಿದ್ದೆಯಿಲ್ಲ ಆದರೂ ಮೈಯಲ್ಲಿ ವಿಪರೀತ ಹುರುಪು, ಮಾತಿಗೆ ಮಾತು ಕೂಡುತ್ತಿಲ್ಲ. ಇದು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಇರಬಹುದು. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಅಪರೂಪದ ಕಾಯಿಲೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ, ಮತ್ತು ಇದು ತುರ್ತು. ಸಾಯುವ ಯೋಜನೆ ಮನಸ್ಸಿನಲ್ಲಿ ರೂಪ ಪಡೆಯುತ್ತಿದ್ದರೂ ಅಷ್ಟೇ ತುರ್ತು. ಎರಡಕ್ಕೂ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ತಾಯಿಯನ್ನು ಒಬ್ಬಳೇ ಬಿಡಬೇಡಿ. ಮಾತಿನ ಚಿಕಿತ್ಸೆ ಇಂಥವರಿಗೂ ಬೇಕಾಗುತ್ತದೆ, ಆದರೆ ಮೊದಲು ಜೀವ ಕಾಪಾಡಬೇಕು, ಔಷಧಿ ಸಿಗಬೇಕು.

ಯಾರ ಹತ್ತಿರ ಹೋಗುವುದು, ಏನಂತ ಕೇಳುವುದು

ಹೆರಿಗೆ ಮಾಡಿಸಿದ ಡಾಕ್ಟರ್, ಮಗುವಿನ ಡಾಕ್ಟರ್, ಮನೆಗೆ ಬರುವ ನರ್ಸ್, ಇವರಲ್ಲಿ ಯಾರಿಗೆ ಹೇಳಿದರೂ ದಾರಿ ಶುರುವಾಗುತ್ತದೆ. ಬಹಳ ಸಲ ಮಗುವಿನ ಡಾಕ್ಟರೇ ಸುಲಭ, ಯಾಕೆಂದರೆ ಲಸಿಕೆಗೆ ಅಂತ ಹೇಗೂ ಹೋಗಿರುತ್ತೀರಿ, ಅಲ್ವಾ? ಅಲ್ಲಿ ಮಗುವಿನ ತೂಕ, ಜ್ವರ ಎಲ್ಲ ಕೇಳಿಯಾದ ಮೇಲೆ "ನನಗೂ ಹುಷಾರಿಲ್ಲ" ಅಂತ ಹೇಳುವುದು ಕಷ್ಟ, ಬಾಗಿಲ ಹತ್ತಿರ ಬರುವಷ್ಟರಲ್ಲಿ ಮಾತು ನುಂಗಿಬಿಡುತ್ತೇವೆ. ಹಾಗಾಗಿ ಮೊದಲೇ ಬರೆದುಕೊಂಡು ಹೋಗಿ. ಇಷ್ಟು ಸಾಕು: "ಮಗು ಹುಟ್ಟಿ ಇಷ್ಟು ವಾರ ಆಯಿತು. ಇಷ್ಟು ದಿನದಿಂದ ಹೀಗಾಗುತ್ತಿದೆ. ನನಗೆ ಡಿಪ್ರೆಶನ್ ಇದೆ ಅಂತ ಅನ್ನಿಸುತ್ತಿದೆ, ಮಾತಿನ ಚಿಕಿತ್ಸೆ ಮಾಡುವವರ ಹತ್ತಿರ ಕಳಿಸಿ." ಬಾಯಿಂದ ಬರದಿದ್ದರೆ ಫೋನನ್ನೇ ಅವರ ಕೈಗೆ ಕೊಡಿ.

"ಎಲ್ಲ ತಾಯಂದಿರಿಗೂ ಹೀಗೇ, ಸರಿ ಹೋಗುತ್ತದೆ" ಅಂತ ಯಾವ ಡಾಕ್ಟರಾದರೂ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಎಲ್ಲ ತಾಯಂದಿರಿಗೂ ಹೀಗೆ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೊಸದಾಗಿ ಹೆತ್ತವರಲ್ಲಿ ಸುಮಾರು 13% ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಡಿಪ್ರೆಶನ್ನೇ ಮುಖ್ಯ. ಬಹಳ ಜನರಿಗೆ ಬರುತ್ತದೆ ಅನ್ನುವುದು ನಾಚಿಕೆ ಬಿಡುವುದಕ್ಕೆ ಕಾರಣ. ಚಿಕಿತ್ಸೆ ಬಿಡುವುದಕ್ಕಲ್ಲ.

ಥೆರಪಿಸ್ಟ್ ಸಿಕ್ಕ ಮೇಲೆ, ಶುರು ಮಾಡುವ ಮುನ್ನ ಅವರನ್ನೂ ಪ್ರಶ್ನೆ ಕೇಳಿ. ಕೇಳುವ ಹಕ್ಕು ನಿಮಗಿದೆ. ಹೊಸ ತಾಯಂದಿರ ಜೊತೆ ಕೆಲಸ ಮಾಡಿದ್ದೀರಾ? ಯಾವ ವಿಧಾನ ಬಳಸುತ್ತೀರಿ, ಸುಮಾರು ಎಷ್ಟು ಸೆಷನ್ ಬೇಕಾಗಬಹುದು? ಮಗುವನ್ನು ಕರೆತರಬಹುದಾ? ಹುಷಾರಾಗುತ್ತಿದ್ದೇನೆ ಅಂತ ಹೇಗೆ ಅಳೆಯುತ್ತೀರಿ? ಇವಕ್ಕೆ ನೇರ ಉತ್ತರ ಕೊಡುವವರು ಒಳ್ಳೆಯ ಆಯ್ಕೆ. "ನೋಡೋಣ, ಮಾತಾಡ್ತಾ ಹೋಗೋಣ" ಅನ್ನುವವರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ, ಯಾಕೆಂದರೆ ಪುಟ್ಟ ಮಗು ಇರುವವಳ ಹತ್ತಿರ ಗೊತ್ತುಗುರಿ ಇಲ್ಲದೆ ಮಾತಾಡುವಷ್ಟು ಸಮಯವೂ ಇಲ್ಲ, ಶಕ್ತಿಯೂ ಇಲ್ಲ.

ಒಳಗೆ ಏನು ನಡೆಯುತ್ತದೆ

ಹೆಚ್ಚು ಪುರಾವೆ ಇರುವ ವಿಧಾನಗಳು ಎರಡು. ಒಂದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಇನ್ನೊಂದು ಐಪಿಟಿ (ಇಂಟರ್‌ಪರ್ಸನಲ್ ಥೆರಪಿ).

ಸಿಬಿಟಿ 1960ರ ದಶಕದಲ್ಲಿ ಆರನ್ ಬೆಕ್ ಶುರು ಮಾಡಿದ್ದು. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಒಂದನ್ನು ಬದಲಿಸಿದರೆ ಉಳಿದದ್ದೂ ಅಲುಗುತ್ತದೆ ಅನ್ನುವುದು ಇದರ ಬುಡ. ಮಗು ಅಳು ನಿಲ್ಲಿಸುತ್ತಿಲ್ಲ ಅಂತಿಟ್ಟುಕೊಳ್ಳಿ. "ನಾನು ಕೆಟ್ಟ ತಾಯಿ" ಅಂತ ತಲೆಯಲ್ಲಿ ಬರುತ್ತದೆ. ಆ ಯೋಚನೆ ಬಂದ ಕೂಡಲೇ ಎದೆ ಭಾರ, ಮಗುವನ್ನು ಬೇರೆಯವರ ಕೈಗೆ ಕೊಟ್ಟು ಕೋಣೆ ಸೇರುತ್ತೀರಿ, ಅಲ್ಲಿ "ನೋಡು, ಮಗುವನ್ನೂ ಬಿಟ್ಟು ಬಂದೆ" ಅಂತ ಇನ್ನೊಂದು ಸುತ್ತು. ಥೆರಪಿಸ್ಟ್ ಇದನ್ನು ನಿಧಾನಕ್ಕೆ ಬಿಡಿಸುತ್ತಾರೆ. ಯಾವಾಗ ಅನ್ನಿಸಿತು? ಅದಕ್ಕೆ ಮುಂಚೆ ಎಷ್ಟು ಹೊತ್ತು ನಿದ್ದೆ ಮಾಡಿದ್ದಿರಿ? ಮಗು ಅಳಲು ಬೇರೆ ಏನು ಕಾರಣ ಇರಬಹುದು? ನಿಮ್ಮ ಗೆಳತಿಗೆ ಹೀಗಾಗಿದ್ದರೆ ಅವಳನ್ನೂ ಕೆಟ್ಟ ತಾಯಿ ಅನ್ನುತ್ತಿದ್ದಿರಾ? "ಒಳ್ಳೆಯದನ್ನೇ ಯೋಚಿಸಿ" ಅಂತ ಹೇಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲಿ ಯೋಚನೆಯನ್ನು ಪರೀಕ್ಷೆಗೆ ಒಡ್ಡುತ್ತೀರಿ, ನಿಜವಾಗಿದ್ದರೆ ಅದು ನಿಲ್ಲಲಿ, ಸುಳ್ಳಾಗಿದ್ದರೆ ಬೀಳಲಿ ಅಂತ.

ಐಪಿಟಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಹೊಸ ತಾಯಂದಿರಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ ರೂಪಿಸಿದ್ದು. ವಾರಕ್ಕೊಂದರಂತೆ ಸಾಮಾನ್ಯವಾಗಿ 12ರಿಂದ 16 ಸೆಷನ್. ಸಂಬಂಧಗಳಲ್ಲಿ ಏನಾಗುತ್ತಿದೆ ಅನ್ನುವುದೇ ಇದರ ಗಮನ: ಯಾರನ್ನೋ ಕಳೆದುಕೊಂಡ ದುಃಖ, ಹತ್ತಿರದವರ ಜೊತೆ ಜಗಳ, ಬದುಕಿನಲ್ಲಿ ಪಾತ್ರ ಬದಲಾಗುವುದು, ಒಂಟಿತನ. ಇವುಗಳಲ್ಲಿ ನಿಮಗೆ ಯಾವುದು ಜಾಸ್ತಿ ಕಾಡುತ್ತಿದೆಯೋ ಅದನ್ನು ಆರಿಸಿಕೊಂಡು ಕೆಲಸ ಮಾಡುತ್ತಾರೆ.

ಪಾತ್ರ ಬದಲಾಗುವುದನ್ನೇ ನೋಡಿ. ಮಗು ಬಂದಾಗ ಎಲ್ಲರೂ ಏನು ಸಿಕ್ಕಿತು ಅನ್ನುವುದನ್ನೇ ಹೇಳುತ್ತಾರೆ, ಏನು ಹೋಯಿತು ಅಂತ ಯಾರೂ ಕೇಳುವುದಿಲ್ಲ. ಕೆಲಸ, ಸ್ವಂತ ದುಡ್ಡು, ಗೊತ್ತಿದ್ದ ಮೈ, ಬೇಕಾದಾಗ ಬಾಗಿಲು ತೆಗೆದು ಹೊರಗೆ ಹೋಗುವುದು, ಗಂಡನ ಜೊತೆ ಅರ್ಧ ಗಂಟೆ ಮಾತು. ಇದನ್ನೆಲ್ಲ ಕಳೆದುಕೊಂಡದ್ದಕ್ಕೆ ದುಃಖ ಆಗುತ್ತಿದೆ ಅಂತ ಹೇಳಿದರೆ ಮಗು ಬೇಡ ಅಂದ ಹಾಗಾಗುತ್ತದೆ ಅಂತ ಹೆದರಿ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಥೆರಪಿಯಲ್ಲಿ ಅದನ್ನು ಒಂದೊಂದಾಗಿ ಹೇಳಿ, ಅಳಬೇಕಾದ್ದಕ್ಕೆ ಅತ್ತು, ಅದರಲ್ಲಿ ಯಾವುದನ್ನು ವಾಪಸ್ ತರಬಹುದು ಅಂತ ನೋಡುತ್ತೀರಿ. ಹಿಂದೆ ಗರ್ಭ ಹೋಗಿದ್ದರೆ, ಹೆರಿಗೆಯೇ ಭಯಾನಕವಾಗಿ ನಡೆದಿದ್ದರೆ, ಅದನ್ನೂ ಇಲ್ಲೇ ಹೇಳಬೇಕು. "ಮಗು ಚೆನ್ನಾಗಿದೆಯಲ್ಲ, ಇನ್ನೇನು" ಅಂತ ಬೇರೆಯವರು ಮುಚ್ಚಿಹಾಕಿದ ವಿಷಯ ಅದು.

ಜಗಳದ ವಿಷಯಕ್ಕೆ ಬಂದರೆ ಐಪಿಟಿ ತುಂಬಾ ಪ್ರಾಯೋಗಿಕ. ನಿನ್ನೆ ರಾತ್ರಿ ಜಗಳ ಆಯಿತು ಅಂದರೆ, ನೀವು ಏನಂದಿರಿ, ಅವರು ಏನಂದರು, ಆಮೇಲೆ ನೀವು ಏನಂದಿರಿ ಅಂತ ಮಾತು ಮಾತಾಗಿ ಕೇಳುತ್ತಾರೆ. ಆಗ ಗೊತ್ತಾಗುತ್ತದೆ, ನೀವು ಅಂದದ್ದು "ನಿಮಗೆ ಏನೂ ಅರ್ಥ ಆಗಲ್ಲ", ನಿಮಗೆ ಬೇಕಾಗಿದ್ದದ್ದು ನಾಲ್ಕು ಗಂಟೆ ನಿದ್ದೆ. ಅದನ್ನು ಅವರು ಊಹಿಸಬೇಕಿತ್ತು ಅಂತ ನೀವು, ಹೇಳಿದ್ದರೆ ಮಾಡುತ್ತಿದ್ದೆ ಅಂತ ಅವರು. ಮುಂದಿನ ವಾರದೊಳಗೆ ಹೇಳಬೇಕಾದ ಮಾತನ್ನು ಅಲ್ಲೇ ಅಭ್ಯಾಸ ಮಾಡಿಸುತ್ತಾರೆ: "ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ನೀವು ನೋಡಿಕೊಳ್ಳಿ, ನಾನು ಬೇರೆ ಕೋಣೆಯಲ್ಲಿ ಮಲಗುತ್ತೇನೆ." ಇಷ್ಟೇ. ಇಂಥ ಒಂದು ವಾಕ್ಯ ಮನೆಯಲ್ಲಿ ಜಾರಿಗೆ ಬಂದರೆ ಆಗುವ ಬದಲಾವಣೆ ಸಣ್ಣದಲ್ಲ.

ದೊಡ್ಡ ಡಿಗ್ರಿಯವರು ಸಿಗದಿದ್ದರೆ ಚಿಕಿತ್ಸೆಯೇ ಇಲ್ಲ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಹೋಗುವ ನರ್ಸ್‌ಗಳಿಗೆ ಸ್ವಲ್ಪ ತರಬೇತಿ ಕೊಟ್ಟು, ವಾರಕ್ಕೊಮ್ಮೆ ಎಂಟು ಸಲ ಕೂತು ಗಮನ ಕೊಟ್ಟು ಕೇಳಿಸಿಕೊಳ್ಳುವ ಕೆಲಸ ಕೊಟ್ಟರು. 1989ರಲ್ಲಿ ಬಂದ ಆ ಅಧ್ಯಯನದಲ್ಲಿ ಅವರ ಜೊತೆ ಮಾತಾಡಿದ ತಾಯಂದಿರಲ್ಲಿ 69% ಮಂದಿ ಚೇತರಿಸಿಕೊಂಡರು, ಉಳಿದವರಲ್ಲಿ 38%. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಜೊತೆಗಾರರು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೇ ಸಿಬಿಟಿಯ ಸರಳ ರೂಪ ಕಲಿಸಿದರು. 2008ರಲ್ಲಿ ಫಲಿತಾಂಶ ಬಂತು: ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಚಿಕಿತ್ಸೆ ಪಡೆದವರಲ್ಲಿ 23% ಮಂದಿಗೆ ಡಿಪ್ರೆಶನ್ ಉಳಿದಿತ್ತು, ಈ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿನಲ್ಲಿ 53%. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಕೈಪಿಡಿಯಾಗಿ ಹೊರತಂದಿತು. ಹಾಗಾಗಿ ತರಬೇತಿ ಇರುವ ನರ್ಸ್ ಅಥವಾ ಕೌನ್ಸೆಲರ್ ಸಿಕ್ಕರೆ ಧೈರ್ಯವಾಗಿ ಶುರು ಮಾಡಿ.

ಹೇಳಲು ಹೆದರುವ ಆ ಒಂದು ಮಾತು

ಬಹಳಷ್ಟು ತಾಯಂದಿರ ಒಳಗೆ ಒಂದು ಮಾತು ಇರುತ್ತದೆ, ಅದನ್ನು ಸತ್ತರೂ ಯಾರಿಗೂ ಹೇಳುವುದಿಲ್ಲ ಅಂದುಕೊಂಡಿರುತ್ತಾರೆ. ಮಗುವಿನ ಮೇಲೆ ಪ್ರೀತಿ ಬರುತ್ತಿಲ್ಲ. ಇವಳನ್ನು ಹೆರಲೇಬಾರದಿತ್ತು. ಮೆಟ್ಟಿಲ ಮೇಲೆ ನಿಂತಾಗ ಮಗು ಕೈಯಿಂದ ಬಿದ್ದ ಹಾಗೆ ಚಿತ್ರ ಬರುತ್ತದೆ. ಇದನ್ನು ಹೇಳಿದರೆ ಹುಚ್ಚಿ ಅನ್ನುತ್ತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ.

ಬೇಡವೆಂದರೂ ನುಗ್ಗಿ ಬರುವ ಇಂಥ ಭಯಾನಕ ಚಿತ್ರಗಳು ಹೊಸ ತಾಯಂದಿರಲ್ಲಿ ತುಂಬಾ ಸಾಮಾನ್ಯ, ಡಿಪ್ರೆಶನ್ ಇಲ್ಲದವರಿಗೂ ಬರುತ್ತವೆ. ಈ ವಿಷಯ ಗೊತ್ತಿರುವ ಥೆರಪಿಸ್ಟ್ ಕೇಳಿ ಗಾಬರಿ ಬೀಳುವುದಿಲ್ಲ. ಆ ಚಿತ್ರ ಕಂಡು ನಿಮಗೆ ನಡುಕ ಬರುತ್ತದಾ, ಅದನ್ನು ತಪ್ಪಿಸಲು ಮೆಟ್ಟಿಲ ಹತ್ತಿರವೇ ಹೋಗುವುದಿಲ್ಲವಾ? ಹಾಗಿದ್ದರೆ ಅದು ಆತಂಕದ ಕೆಲಸ, ಅದಕ್ಕೆ ಚಿಕಿತ್ಸೆ ಇದೆ. ಹಾಗೆ ಮಾಡುವುದೇ ಸರಿ ಅಂತ ಅನ್ನಿಸತೊಡಗಿದರೆ, ಯಾರೋ ಹಾಗೆ ಮಾಡು ಅಂತ ಹೇಳುತ್ತಿದ್ದರೆ, ಆಗ ನಾನು ಮೇಲೆ ಬರೆದ ತುರ್ತು ಸಂದರ್ಭ.

ಹೇಗೆ ಹೇಳುವುದು? ಮೊದಲ ಸೆಷನ್ನಿನಲ್ಲೇ ಗುಟ್ಟು ಕಾಪಾಡುವ ನಿಯಮ ಕೇಳಿ: "ನಾನು ಹೇಳಿದ್ದನ್ನು ಯಾವ ಸಂದರ್ಭದಲ್ಲಿ ಬೇರೆಯವರಿಗೆ ಹೇಳುತ್ತೀರಿ?" ಜೀವಕ್ಕೆ ನಿಜವಾದ ಅಪಾಯ ಇದ್ದಾಗ ಅವರು ಹೇಳಲೇಬೇಕಾಗುತ್ತದೆ. ಎಲ್ಲಿ ಗೆರೆ ಇದೆ ಅಂತ ಅವರ ಬಾಯಿಂದಲೇ ಕೇಳಿದರೆ ಧೈರ್ಯ ಬರುತ್ತದೆ. ಆಮೇಲೆ "ಹೇಳಲು ಭಯವಾಗುವ ಒಂದು ವಿಷಯ ಇದೆ" ಅಂತ ಮಾತ್ರ ಹೇಳಿ. ವಿಷಯವನ್ನು ಅವತ್ತೇ ಹೇಳಬೇಕು ಅಂತಿಲ್ಲ. ಅದು ಇದೆ ಅಂತ ಗೊತ್ತಾದರೆ ಒಳ್ಳೆಯ ಥೆರಪಿಸ್ಟ್ ಅಲ್ಲಿಗೆ ನಿಮ್ಮನ್ನು ಮೆಲ್ಲಗೆ ಕರೆದೊಯ್ಯುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದಿದ್ದರೆ ಬರೆದು ಕೊಡಿ. ದಯವಿಟ್ಟು ಈ ಒಂದು ಹೆಜ್ಜೆ ಬಿಡಬೇಡಿ. ಅದನ್ನು ಒಳಗಿಟ್ಟುಕೊಂಡು ಉಳಿದದ್ದನ್ನೆಲ್ಲ ಮಾತಾಡಿದರೆ ವಾರಗಳು ಕಳೆಯುತ್ತವೆ, ನೋವು ಅಲ್ಲೇ ಇರುತ್ತದೆ.

ಮಗು ಇಟ್ಟುಕೊಂಡು ಸೆಷನ್

ಹಾಲು ಕುಡಿಸಿದ ಕೂಡಲೇ ಬರುವ ಹೊತ್ತನ್ನು ಸೆಷನ್‌ಗೆ ಕೇಳಿ. ಮಗುವನ್ನು ಕರೆದೊಯ್ದರೆ ಅಲ್ಲೇ ಹಾಲು ಕುಡಿಸಿ, ಅಳುವ ಮಗುವನ್ನು ತೂಗುತ್ತಾ ನಿಂತೇ ಮಾತಾಡಿ, ಯಾರೂ ತಪ್ಪು ತಿಳಿಯುವುದಿಲ್ಲ. ವಿಡಿಯೊ ಸೆಷನ್ ಆದರೂ ಆಗುತ್ತದೆ, ಹೊರಗೆ ಹೋಗುವ ಶಕ್ತಿಯೇ ಇಲ್ಲದವರಿಗೆ ಅದೇ ಒಳ್ಳೆಯದು. ಆದರೆ ಪಕ್ಕದ ಕೋಣೆಯಲ್ಲಿ ಮನೆಯವರು ಇದ್ದರೆ ಬಾಯಿ ಕಟ್ಟಿದ ಹಾಗಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಹೊರಗೆ ನಡೆಯುತ್ತಾ ಮಾತಾಡಿ, ಅಥವಾ ಆ ಒಂದು ಗಂಟೆ ಮನೆಯವರನ್ನೇ ಮಗುವಿನ ಜೊತೆ ಹೊರಗೆ ಕಳಿಸಿ. ಒಂದು ವಾರ ತಪ್ಪಿದರೆ ಮುಂದಿನ ವಾರವೂ ತಪ್ಪಿಬಿಡುವುದು ಸುಲಭ, ಹಾಗಾಗಿ ತಪ್ಪಿದ ದಿನವೇ ಮುಂದಿನ ದಿನಾಂಕ ತೆಗೆದುಕೊಳ್ಳಿ.

ಡಿಪ್ರೆಶನ್ ಇದ್ದಾಗ ಮರೆವು ಜಾಸ್ತಿ. ವಾರದಲ್ಲಿ ಏನಾಯಿತು ಅಂತ ಫೋನಿನಲ್ಲಿ ಒಂದೊಂದು ಸಾಲು ಬರೆದಿಡಿ, ಧ್ವನಿಯಲ್ಲಿ ರೆಕಾರ್ಡ್ ಮಾಡಿದರೂ ಸರಿ.

ಸೆಷನ್ ಮುಗಿದ ಮೇಲಿನ ವಾರ

ನಿಜವಾದ ಕೆಲಸ ಇಲ್ಲಿದೆ. ಥೆರಪಿಸ್ಟ್ ಮನೆಯಲ್ಲಿ ಮಾಡಿಕೊಂಡು ಬರಲು ಅಭ್ಯಾಸ ಕೊಡುತ್ತಾರೆ, ಅದು ಕೈಗೆ ಎಟುಕುವಷ್ಟು ಚಿಕ್ಕದಿರಲಿ ಅಂತ ಗಟ್ಟಿಯಾಗಿ ಹೇಳಿ. "ದಿನಾ ವ್ಯಾಯಾಮ" ಅಂದರೆ ಆಗುವುದಿಲ್ಲ. "ಮಂಗಳವಾರ ಬೆಳಗ್ಗೆ ಹತ್ತು ನಿಮಿಷ ಬಿಸಿಲಲ್ಲಿ ನಡೆಯುವುದು, ಆಗ ಮಗು ತಂಗಿಯ ಹತ್ತಿರ" ಅಂದರೆ ಆಗುತ್ತದೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಡಿಪ್ರೆಶನ್‌ನಲ್ಲಿ ಮನಸ್ಸು ಬರುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮಾಡಲಾಗಲಿಲ್ಲ ಅಂದರೆ ಮುಂದಿನ ಸೆಷನ್ ತಪ್ಪಿಸಬೇಡಿ. ಯಾಕೆ ಆಗಲಿಲ್ಲ ಅನ್ನುವುದೂ ಮಾತಾಡಬೇಕಾದ ವಿಷಯವೇ.

ಕೆಲವು ಸೆಷನ್ ಆದ ಮೇಲೆ ಒಂದೆರಡು ದಿನ ಇನ್ನೂ ಭಾರ ಅನ್ನಿಸಬಹುದು. ಮುಚ್ಚಿಟ್ಟಿದ್ದು ಹೊರಗೆ ಬಂದಾಗ ಹಾಗಾಗುತ್ತದೆ. ಅದೇ ವಾರಗಟ್ಟಲೆ ಮುಂದುವರಿದರೆ ಹೇಳಿ.

ಉಪಯೋಗ ಆಗುತ್ತಿದೆಯಾ ಅಂತ ನೋಡುವುದು

ಎರಡು ಮೂರು ವಾರಕ್ಕೊಮ್ಮೆ ಅದೇ ಎಡಿನ್‌ಬರೋ ಪ್ರಶ್ನಾವಳಿ ತುಂಬಿಸಿ, ಅಂಕ ಬರೆದಿಡಿ. ಒಳಗಿರುವವರಿಗೆ ಬದಲಾವಣೆ ಕಾಣುವುದಿಲ್ಲ, ಅಂಕದಲ್ಲಿ ಕಾಣುತ್ತದೆ. ಐದಾರು ಸೆಷನ್ ಆದರೂ ಏನೂ ಅಲುಗಲಿಲ್ಲ ಅಂದರೆ ನೇರವಾಗಿ ಕೇಳಿ: "ಇದು ಯಾಕೆ ಕೆಲಸ ಮಾಡುತ್ತಿಲ್ಲ, ಏನು ಬದಲಿಸೋಣ?" ವಿಧಾನ ಬದಲಿಸಬಹುದು, ಥೆರಪಿಸ್ಟ್ ಬದಲಿಸಬಹುದು. ನಿಮ್ಮನ್ನು ಅಳೆದು ತೂಗಿ ತೀರ್ಪು ಕೊಡುವ, ಗಂಡನ ಮನೆಯವರಿಗೆ ಹೊಂದಿಕೊಂಡು ಹೋಗು ಅಂತ ಬುದ್ಧಿ ಹೇಳುವ ಥೆರಪಿಸ್ಟ್ ಆದರೆ ಐದಾರು ಸೆಷನ್ ಕಾಯುವುದೂ ಬೇಡ.

ಡಿಪ್ರೆಶನ್ ಜೋರಾಗಿದ್ದರೆ ಮಾತಿನ ಜೊತೆ ಔಷಧಿಯೂ ಬೇಕಾಗುತ್ತದೆ. ಹಾಲುಣಿಸುತ್ತಿದ್ದೇನೆ ಅಂತ ಹೆದರಿ ಬೇಡ ಅನ್ನಬೇಡಿ. ಸರ್ಟ್ರಾಲಿನ್‌ನಂಥ ಕೆಲವು ಔಷಧಿ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಹಾಲುಣಿಸುವ ತಾಯಂದಿರಿಗೆ ಡಾಕ್ಟರ್‌ಗಳು ಹೆಚ್ಚಾಗಿ ಅದನ್ನೇ ಆರಿಸುತ್ತಾರೆ. ಮಾತಾಡುವ ಶಕ್ತಿಯೂ ಇಲ್ಲದವರಿಗೆ ಔಷಧಿ ಥೆರಪಿಗೆ ಕೂರುವಷ್ಟು ಚೇತರಿಕೆ ಕೊಡುತ್ತದೆ. ಮೊದಲಿಂದಲೇ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಮನೆಯವರಿಗೆ

ಅವಳನ್ನು ಸಮಾಧಾನ ಮಾಡುವ ಜವಾಬ್ದಾರಿ ನಿಮಗೆ ಬೇಡ. ಸೆಷನ್ ಇರುವ ಗಂಟೆ ಮಗುವನ್ನು ನೋಡಿಕೊಳ್ಳಿ, ರಾತ್ರಿ ಅವಳಿಗೆ ನಾಲ್ಕೈದು ಗಂಟೆ ಬಿಡದೆ ನಿದ್ದೆ ಸಿಗುವ ಹಾಗೆ ಮಾಡಿ, ಮನೆಗೆ ಬರುವವರ ಸಂಖ್ಯೆ ಕಡಿಮೆ ಮಾಡಿ. ಬಂದ ಕೂಡಲೇ "ಏನು ಮಾತಾಡಿದೆ, ನನ್ನ ಬಗ್ಗೆ ಏನು ಹೇಳಿದೆ" ಅಂತ ಕೇಳಬೇಡಿ. ಥೆರಪಿಸ್ಟ್ ಒಂದು ಸೆಷನ್‌ಗೆ ನಿಮ್ಮನ್ನೂ ಕರೆದರೆ ಹೋಗಿ, ಅಲ್ಲಿ ನಿಮ್ಮ ತಪ್ಪು ಹುಡುಕುವುದಿಲ್ಲ. ಇನ್ನೊಂದು, ಹೊಸ ತಂದೆಯರಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತದೆ. ನಿಮಗೇ ಹಾಗಿದ್ದರೆ ಇಲ್ಲಿ ಬರೆದದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಮುಗಿಸುವ ಮುನ್ನ

ಹುಷಾರಾಯಿತು ಅನ್ನಿಸಿದ ಕೂಡಲೇ ಥೆರಪಿ ಬಿಡುವವರು ಜಾಸ್ತಿ. ಕೊನೆಯ ಎರಡು ಸೆಷನ್ ಮಾತ್ರ ತಪ್ಪಿಸಬೇಡಿ. ಅಲ್ಲಿ ಮುಂದಿನ ಯೋಜನೆ ಬರೆಯುತ್ತೀರಿ: ಈ ಸಲ ಮೊದಲು ಕಂಡ ಲಕ್ಷಣ ಯಾವುದು, ಮತ್ತೆ ಅದು ಕಂಡರೆ ಯಾರಿಗೆ ಹೇಳಬೇಕು, ಯಾವ ಅಭ್ಯಾಸ ಬಿಡಬಾರದು. ಅದರ ಒಂದು ಪ್ರತಿ ಮನೆಯಲ್ಲಿ ನೀವು ನಂಬುವವರ ಹತ್ತಿರ ಇರಲಿ, ಯಾಕೆಂದರೆ ಲಕ್ಷಣ ಬಹಳ ಸಲ ನಿಮಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಎರಡು ಮೂರು ತಿಂಗಳ ನಂತರಕ್ಕೆ ಒಂದು ಸೆಷನ್ ಈಗಲೇ ಗೊತ್ತು ಮಾಡಿಕೊಳ್ಳಿ. ಇನ್ನೊಂದು ಮಗು ಬೇಕು ಅಂತಿದ್ದರೆ, ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಇರುವುದರಿಂದ, ಬಸಿರಿನ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಇದನ್ನು ಹೇಳಿ, ಹೆರಿಗೆಗೆ ಮುಂಚೆಯೇ ಸೆಷನ್ ಶುರು ಮಾಡಿ.